ಆರಂಗುಲ ಲೇಸು

ನಾಲ್ಕು ತಿಂಗಳು ಕೂತು ನಾನು ಬಣ್ಣದಲ್ಲಿ ಬರೆದದ್ದು ಆರಂಗುಲ ಲೇಸು, ಅಂದರೆ ಉಡುಪಿನ ಅಂಚಿಗೆ ಹಾಕುವ ದಾರದ ಜಾಲರಿ. ಶನಿವಾರ, ಭಾನುವಾರ, ಮಗಳು ಮಲಗಿದ ಮೇಲೆ ಸಿಕ್ಕ ರಾತ್ರಿಗಳು ಎಲ್ಲ ಸೇರಿ ಇಷ್ಟು. ಇಂಗ್ಲೆಂಡಿನ ಕುಲೀನ, ಡಾರ್ಸೆಟ್‌ನ ಮೂರನೆಯ ಅರ್ಲ್ ರಿಚರ್ಡ್ ಸ್ಯಾಕ್‌ವಿಲ್‌ನ ಕೊರಳಪಟ್ಟಿಯಲ್ಲಿ ಅದೊಂದು ಅಂಚು ಮಾತ್ರ. 1613ರಲ್ಲಿ ಚಿತ್ರಕಾರ ವಿಲಿಯಂ ಲಾರ್ಕಿನ್ ಆ ಕೊರಳಪಟ್ಟಿಯನ್ನು ಪೂರ್ತಿ ಬರೆದ. ಜೊತೆಗೆ ತೋಳಿನ ಲೇಸು, ಕಸೂತಿಯ ಮೇಲಂಗಿ, ಕಾಲುಚೀಲ, ಬೂಟಿನ ಮೇಲಿನ ದೊಡ್ಡ ಹೂಗಳು, ಕಾಲಡಿಯ ಹಾಸು, ಎರಡು ಪಕ್ಕದ ಪರದೆ, ಎಲ್ಲವನ್ನೂ ಬರೆದ. ಆಳೆತ್ತರಕ್ಕೂ ಮೀರಿದ ಚಿತ್ರ ಅದು, ಸುಮಾರು 2 ಮೀಟರ್ ಎತ್ತರ.

ನಾನು ಮೈಸೂರಿನವಳು. ಲಂಡನ್ನಿಗೆ ಬರುವ ಮೊದಲು ಆರು ವರ್ಷ ಮೇಷ್ಟ್ರೊಬ್ಬರ ಹತ್ತಿರ ಮೈಸೂರು ಶೈಲಿ ಕಲಿತೆ. ಇಲ್ಲಿಗೆ ಬಂದ ಮೇಲೆ ತೈಲವರ್ಣ ರೂಢಿ ಮಾಡಿಕೊಂಡು, ಈಗ ಕೇಳಿದವರಿಗೆ ಭಾವಚಿತ್ರ ಬರೆದುಕೊಡುತ್ತೇನೆ. ಭಾವಚಿತ್ರ ಅಂದರೆ ಮುಖ ಎಂದೇ ನಂಬಿದ್ದೆ. ಮುಖ ಬಂತೋ, ಮಿಕ್ಕದ್ದನ್ನು ಅಗಲದ ಬ್ರಷ್ಷಿನಲ್ಲಿ ಎರಡು ಗಂಟೆಗೆ ಮುಗಿಸುತ್ತಿದ್ದೆ. ಆ ನಂಬಿಕೆ ಅಲುಗಿದ್ದು ಕೆನ್‌ವುಡ್ ಹೌಸಿನ ಮಹಡಿಯ ಮೇಲೆ.

ಕೆನ್‌ವುಡ್ ಒಂದು ಹಳೆಯ ಬಂಗಲೆ, ಈಗ ಚಿತ್ರಶಾಲೆ. ಇರುವುದು ಲಂಡನ್ನಿನ ಹ್ಯಾಂಪ್‌ಸ್ಟೆಡ್ ಹೀತ್ ಎಂಬ ಬಯಲಿನ ಉತ್ತರದ ಅಂಚಿನಲ್ಲಿ. 210ನೇ ನಂಬರ್ ಬಸ್ಸು ಬಾಗಿಲಿಗೇ ಬಿಡುತ್ತದೆ, ಒಳಗೆ ಹೋಗಲು ದುಡ್ಡಿಲ್ಲ. ಬಂದವರು ಕೆಳಗಡೆ ರೆಂಬ್ರಾಂಟ್ ಬರೆದುಕೊಂಡ ತನ್ನದೇ ಭಾವಚಿತ್ರ, ವರ್ಮೀರ್‌ನ ಗಿಟಾರ್ ಹುಡುಗಿ ನೋಡಿಕೊಂಡು ಹೊರಡುತ್ತಾರೆ. ನಾನೂ ಎರಡು ಸಲ ಹಾಗೇ ಮಾಡಿದ್ದೆ. ಮೂರನೇ ಸಲ ಮಳೆ ಹಿಡಿದು, ಹೊತ್ತು ಕಳೆಯಲು ಮೇಲೆ ಹತ್ತಿದೆ. ಅಲ್ಲಿ ಸಫೋಕ್ ಸಂಗ್ರಹದ ಚಿತ್ರಗಳಿವೆ, ಲಾರ್ಕಿನ್ ಬರೆದ ಸ್ಯಾಕ್‌ವಿಲ್‌ನ ಚಿತ್ರವೂ ಅವುಗಳಲ್ಲೊಂದು. ಅವು ವಿಲ್ಟ್‌ಶೈರ್‌ನ ಚಾರ್ಲ್‌ಟನ್ ಪಾರ್ಕ್‌ನಲ್ಲಿ ಹೊವರ್ಡ್ ಮನೆತನದವರ ಬಳಿ ತಲೆಮಾರುಗಳ ಕಾಲ ಇದ್ದು, 1974ರಲ್ಲಿ ದೇಶಕ್ಕೆ ದಾನವಾಗಿ ಬಂದವು. ಬಾಗಿಲು ದಾಟುತ್ತಲೇ ಸಾಲಾಗಿ ನಿಂತ ದೊರೆಸಾನಿಯರು. ಹಬ್ಬದ ದಿನ ಅಲಂಕಾರ ಮುಗಿಸಿ ಪರದೆ ಸರಿಸಿದ ಗರ್ಭಗುಡಿಯ ಮುಂದೆ ನಿಂತಂತಾಯಿತು. ನನಗೆ ಬೇರೆ ಹೋಲಿಕೆ ಹೊಳೆಯಲಿಲ್ಲ, ಈಗಲೂ ಹೊಳೆಯುವುದಿಲ್ಲ. ಲಾರ್ಕಿನ್‌ನ ಚಿತ್ರಗಳಲ್ಲಿ ನಿಜವಾಗಿಯೂ ಪರದೆ ಸರಿಸಿಯೇ ಇರುತ್ತದೆ. ಎಡಬಲಕ್ಕೆ ಎರಡು ರೇಷ್ಮೆ ಪರದೆ, ಮಡಿಕೆಗಳ ಏಣಿನ ಮೇಲೆ ತಗಡಿನಂಥ ಹೊಳಪು. ಬರೆದವನ ಹೆಸರು ತಿಳಿಯದ ಕಾಲದಲ್ಲಿ ಕಲಾ ಇತಿಹಾಸಕಾರರು ಅವನನ್ನು ಗುರುತಿಸುತ್ತಿದ್ದದ್ದೇ ಈ ಪರದೆಗಳಿಂದ.

ಹೆಸರು ಸಿಕ್ಕ ಬಗೆಯೂ ಚೆನ್ನಾಗಿದೆ. ಸ್ಯಾಕ್‌ವಿಲ್‌ನ ಕಾಲದವನೇ ಆದ ಚೆರ್ಬರಿಯ ಲಾರ್ಡ್ ಹರ್ಬರ್ಟ್ ತನ್ನ ಆತ್ಮಕಥೆಯಲ್ಲಿ ಒಂದು ಪ್ರಸಂಗ ಬರೆದಿದ್ದಾನೆ. ಇದೇ ಸ್ಯಾಕ್‌ವಿಲ್ ಅವನನ್ನು ಮನೆಗೆ ಕರೆದು ಚಿತ್ರಗಳನ್ನು ತೋರಿಸುತ್ತಾ, ಹಸಿರು ಟ್ಯಾಫೆಟಾ ರೇಷ್ಮೆ ಮುಚ್ಚಿದ ಒಂದರ ಮುಂದೆ ನಿಲ್ಲಿಸುತ್ತಾನೆ. ಬಟ್ಟೆ ಸರಿಸಿದರೆ ಹರ್ಬರ್ಟ್‌ನದೇ ಮುಖ! ಲಾರ್ಕಿನ್ ಎಂಬ ಚಿತ್ರಕಾರ ಬರೆದದ್ದರ ಪ್ರತಿ ಅದು, ಮೂಲ ಚಿತ್ರ ಸರ್ ಥಾಮಸ್ ಲೂಸಿಗೆಂದು ಮಾಡಿಸಿದ್ದು. ಈ ಎಳೆ ಹಿಡಿದು 1952ರಲ್ಲಿ ಲೇಖಕ ಜೇಮ್ಸ್ ಲೀಸ್-ಮಿಲ್ನ್, ಲೂಸಿ ಮನೆತನದ ಚಾರ್ಲ್‌ಕೋಟ್ ಪಾರ್ಕ್‌ನಲ್ಲಿ ತಾಮ್ರದ ತಗಡಿನ ಮೇಲೆ ಬರೆದ ಎರಡು ಚಿತ್ರಗಳನ್ನು ಲಾರ್ಕಿನ್‌ನವೆಂದು ಗುರುತಿಸಿದರು. ಅಲ್ಲಿಂದ ಒಂದೊಂದಾಗಿ ಮಿಕ್ಕವೂ ಅವನ ಹೆಸರಿಗೆ ಸೇರಿದವು. ಅವನ ಬದುಕಿನ ವಿವರ ಕಡಿಮೆ. 1606ರಲ್ಲಿ ಲಂಡನ್ನಿನ ಪೇಂಟರ್-ಸ್ಟೇನರ್ಸ್ ಎಂಬ ಚಿತ್ರಕಾರರ ಸಂಘದ ಸದಸ್ಯನಾದ, 1619ರಲ್ಲಿ ತೀರಿಕೊಂಡ. ಕೆಲಸ ಮಾಡಿದ್ದು ಹೆಚ್ಚೆಂದರೆ ಹದಿಮೂರು ವರ್ಷ.

ನನ್ನ ಕೆಲಸ ಶುರುವಾದದ್ದು ಪೆನ್ಸಿಲ್ಲಿನಿಂದ. ಗ್ಯಾಲರಿಯಲ್ಲಿ ಬಣ್ಣ ಬಿಚ್ಚುವುದು ಬೇಡವೆಂದು ಅಂಗೈಯಗಲದ ಪುಸ್ತಕ ಹಿಡಿದು ಹೋಗುತ್ತಿದ್ದೆ. ಮೊದಲ ನಾಲ್ಕು ಭೇಟಿಗಳಲ್ಲಿ ಲೇಸಿನ ನಕ್ಷೆ ಮಾತ್ರ ಎತ್ತಿಕೊಂಡೆ. ಎಲ್ಲಿ ಗಂಟು, ಎಲ್ಲಿ ತೂತು, ಎಲ್ಲಿ ಹಲ್ಲಿನಂಥ ಅಂಚು ಹೊರಚಾಚುತ್ತದೆ, ಇಷ್ಟೇ. ಮನೆಯಲ್ಲಿ ಹಲಗೆಗೆ ಬೂದುಬಣ್ಣದ ಅಸ್ತರು ಕೊಟ್ಟು, ಚೌಕ ಹಾಕಿ, ನಕ್ಷೆಯನ್ನು ಇಳಿಸಿಕೊಂಡೆ.

ಮೊದಲ ಹಲಗೆ ಕೆಟ್ಟಿತು. ಹಿನ್ನೆಲೆಯ ಕಪ್ಪು ಇನ್ನೂ ಹಸಿ ಇರುವಾಗಲೇ ಬಿಳಿ ಎಳೆದೆ, ಎರಡೂ ಕಲಸಿಕೊಂಡು ಕೊಳೆನೀರಿನ ಬಣ್ಣವಾಯಿತು. ಎರಡನೆಯದಕ್ಕೆ ಕಪ್ಪು ಒಣಗಲೆಂದು ಹನ್ನೆರಡು ದಿನ ಕಾದೆ. ಈ ಸಲ ಗೆರೆಗಳೇನೋ ಶುದ್ಧವಾಗಿ ಬಂದವು, ಲೇಸು ಮಾತ್ರ ಬರಲಿಲ್ಲ. ಸಾರಿಸಿದ ಅಂಗಳದಲ್ಲಿ ರಂಗೋಲಿ ಬಿಟ್ಟ ಹಾಗೆ ಒಂದೇ ದಪ್ಪದ ಬಿಳಿ ಗೆರೆಗಳು ನೆಲಕ್ಕೆ ಅಂಟಿ ಮಲಗಿದ್ದವು. ಬಟ್ಟೆಗೆ ಇರಬೇಕಾದ ಉಸಿರೇ ಇರಲಿಲ್ಲ.

ಮತ್ತೆ ಕೆನ್‌ವುಡ್‌ಗೆ ಹೋದೆ. ಆವತ್ತು ಬಿಸಿಲಿತ್ತು, ಕಿಟಕಿಯ ಬೆಳಕು ಚಿತ್ರಕ್ಕೆ ಓರೆಯಾಗಿ ಬೀಳುತ್ತಿತ್ತು. ಪಕ್ಕಕ್ಕೆ ಸರಿದು ನಿಂತು ನೋಡಿದಾಗ ಮೂರು ಸಂಗತಿ ಕಂಡವು. ಒಂದು, ಲೇಸು ಬಿಳಿಯೇ ಅಲ್ಲ. ಮುಕ್ಕಾಲು ಭಾಗ ಬೂದು, ಹಿಂದಿನ ಕತ್ತಲೆ ಅದರೊಳಗಿಂದ ಹಾದು ಬರುತ್ತದೆ. ಎರಡು, ದಾರದ ಗೆರೆ ಎಲ್ಲೂ ಉದ್ದಕ್ಕೆ ಓಡುವುದಿಲ್ಲ, ತುಂಡು ತುಂಡಾಗಿ ನಿಂತು ನಿಂತು ಹೋಗುತ್ತದೆ. ಮೂರು, ಅಚ್ಚ ಬಿಳಿ ಇರುವುದು ಗಂಟುಗಳಲ್ಲಿ ಮಾತ್ರ, ಅಲ್ಲಿ ಬಣ್ಣ ರಾಗಿಕಾಳಿನಂತೆ ಉಬ್ಬಿ ನಿಂತಿದೆ.

ಆ ಉಬ್ಬು ನನಗೆ ಗೊತ್ತಿತ್ತು. ಮೈಸೂರು ಚಿತ್ರದಲ್ಲಿ ದೇವರ ಕಿರೀಟ, ಹಾರ, ಸೀರೆಯ ಜರಿ ಎಲ್ಲ ನಾವು ಎಬ್ಬಿಸುವುದೇ ಹೀಗೆ. ಸಫೇದ ಎಂಬ ಬಿಳಿ ಪುಡಿ, ಗೋಂದು, ಮಕ್ಕಿ ಎಂಬ ಹಳದಿ ಅಂಟು ಸೇರಿಸಿ ಅರೆದು ಜೆಸ್ಸೋ ಮಾಡಿ, ಸಣ್ಣ ಬ್ರಷ್ಷಿನಲ್ಲಿ ಸಾಲಾಗಿ ಇಳಿಸಿ, ಒಣಗಿದ ಮೇಲೆ ಚಿನ್ನದ ರೇಕು ಕೂರಿಸುತ್ತೇವೆ. ಅದೇ ರಾತ್ರಿ ಮೇಷ್ಟ್ರಿಗೆ ಫೋನ್ ಮಾಡಿ ಹಲಗೆಯ ಫೋಟೋ ಕಳಿಸಿದೆ. ಎಂಬತ್ತು ದಾಟಿದ್ದಾರೆ, ತೈಲವರ್ಣ ಮುಟ್ಟಿದವರಲ್ಲ.

“ಗೆರೆ ಎಳೆದಿದ್ದೀಯಲ್ಲಮ್ಮ” ಅಂದರು. “ಜೆಸ್ಸೋ ಕೆಲಸದಲ್ಲಿ ಗೆರೆ ಎಳೀತಿದ್ಯಾ ನೀನು?”

“ಇಲ್ಲ ಮೇಷ್ಟ್ರೇ, ಇಳಿಸ್ತಿದ್ದೆ.”

“ಇಲ್ಲೂ ಇಳಿಸು ಮತ್ತೆ. ಬ್ರಷ್ಷಿನ ಕೂದಲು ಹಲಗೆಗೆ ತಾಗಬಾರದು, ಬಣ್ಣ ಮಾತ್ರ ತಾಗಬೇಕು. ಯಾವ ದೇಶದ ಚಿತ್ರ ಆದ್ರೇನು, ಕೈ ಅದೇ ತಾನೆ.”

ಮೂರನೇ ಹಲಗೆ ಹಾಗೇ ಮಾಡಿದೆ. ಒಣಗಿದ ಕಪ್ಪಿನ ಮೇಲೆ ಬಿಳಿಗೆ ಚೂರು ಕಪ್ಪು ಬೆರೆಸಿ, ಎಣ್ಣೆ ಹಾಕದೆ, ತೆಳ್ಳಗೆ ಬಳಿದು, ಬೆರಳ ತುದಿಯಲ್ಲಿ ಒತ್ತಿ ಒತ್ತಿ ತೆಗೆದೆ. ಮಂಜು ಹಿಡಿದ ಗಾಜಿನಷ್ಟು ಉಳಿಯಿತು. ಕೊರಳಪಟ್ಟಿಯ ಬಟ್ಟೆಯೇ ಅದು. ಅದು ಒಣಗಿದ ಮೇಲೆ ಅಕ್ರೋಟಿನ ಎಣ್ಣೆಯಲ್ಲಿ ಸಡಿಲ ಮಾಡಿದ ಬಿಳಿಯಿಂದ ದಾರ, ತುಂಡು ತುಂಡಾಗಿ. ಕೊನೆಗೆ ಗಂಟು. ಇಲ್ಲಿ ಒಂದು ತೊಡಕು ಬಂತು. ಲಾರ್ಕಿನ್‌ನ ಕಾಲದವರು ಬಳಸುತ್ತಿದ್ದದ್ದು ಸೀಸದ ಬಿಳಿ. ಅದು ಜಿಗುಟು, ಇಟ್ಟಲ್ಲಿ ಇಟ್ಟಂತೆ ನಿಲ್ಲುತ್ತದೆ, ಆದರೆ ವಿಷ. ಮಗು ಓಡಾಡುವ ಮನೆಯಲ್ಲಿ ಅದು ಬೇಡವೆಂದು ಟೈಟಾನಿಯಂ ಬಿಳಿ ತಂದಿದ್ದೆ. ಅದು ಬೆಣ್ಣೆಯ ಹಾಗೆ ಮೆತ್ತಗೆ, ಇಟ್ಟ ಚುಕ್ಕೆ ರಾತ್ರಿ ಕಳೆಯುವುದರೊಳಗೆ ಕುಸಿದು ಚಪ್ಪಟೆಯಾಗುತ್ತಿತ್ತು. ನುಣ್ಣಗೆ ಜರಡಿ ಹಿಡಿದ ಸೀಮೆಸುಣ್ಣದ ಪುಡಿಯನ್ನು ಬಣ್ಣದ ಕಾಲುಭಾಗದಷ್ಟು ಕಲಸಿದೆ. ನಿಂತಿತು! ಒಂದೊಂದು ಚುಕ್ಕೆ ಇಟ್ಟಾಗಲೂ ಉಸಿರು ಬಿಗಿಹಿಡಿದು ಬ್ರಷ್ಷನ್ನು ನೇರ ಮೇಲಕ್ಕೆತ್ತಬೇಕು, ಪಕ್ಕಕ್ಕೆ ಎಳೆದರೆ ಬಾಲ ಬರುತ್ತದೆ. ಒಂದು ರಾತ್ರಿಗೆ ಅರ್ಧ ಅಂಗುಲ ಸಾಗಿದರೆ ಹೆಚ್ಚು.

ಹೀಗೆ ಕೂತಾಗ ಈ ಜನರ ಬಗ್ಗೆ ಓದುವುದೂ ಶುರುವಾಯಿತು. ಸ್ಯಾಕ್‌ವಿಲ್‌ನ ಬಟ್ಟೆಗಳದ್ದೇ ಒಂದು ಪಟ್ಟಿ ಉಳಿದಿದೆ. ಚಿತ್ರದಲ್ಲಿ ತೊಟ್ಟ ಉಡುಪನ್ನು ಆ ಪಟ್ಟಿಯಲ್ಲಿ ಬೆರಳಿಟ್ಟು ಗುರುತಿಸಬಹುದು. ಇದು ತಿಳಿದಾಗ ನನ್ನ ಕೈಯೇ ಬೇರೆಯಾಯಿತು. ಲಾರ್ಕಿನ್ ಚಂದಕ್ಕೆಂದು ಕಲ್ಪಿಸಿ ಬರೆದ ಲೇಸಲ್ಲ ಇದು, ಪೆಟ್ಟಿಗೆಯಲ್ಲಿದ್ದ ವಸ್ತು. ಆಗಿನ ಪದ್ಧತಿಯಲ್ಲಿ ದೊಡ್ಡವರು ಮುಖಕ್ಕಾಗಿ ಸ್ವಲ್ಪ ಹೊತ್ತು ಕೂತು ಹೊರಡುತ್ತಿದ್ದರು, ಉಡುಪು ಚಿತ್ರಕಾರನ ಕೋಣೆಯಲ್ಲಿ ಉಳಿಯುತ್ತಿತ್ತು. ಅವನು ದಿನಗಟ್ಟಲೆ ಸಹವಾಸ ಮಾಡಿದ್ದು ಅರ್ಲ್‌ನ ಜೊತೆಗಲ್ಲ, ಅವನ ಬಟ್ಟೆಯ ಜೊತೆಗೆ. ಆ ಬಟ್ಟೆಗೆ ತೆತ್ತ ಬೆಲೆಯೂ ಸಣ್ಣದಲ್ಲ. ಸ್ಯಾಕ್‌ವಿಲ್ 1624ರಲ್ಲಿ, 35ರ ವಯಸ್ಸಿನಲ್ಲಿ ಸತ್ತಾಗ ಹೊರಲಾರದಷ್ಟು ಸಾಲ ಬಿಟ್ಟಿದ್ದ.

ಅವನ ತಮ್ಮ ಎಡ್ವರ್ಡ್‌ನನ್ನೂ ಲಾರ್ಕಿನ್ ಬರೆದಿದ್ದಾನೆ, ಅದೂ ಕೆನ್‌ವುಡ್‌ನಲ್ಲೇ ಇದೆ. ಅದೇ 1613ರಲ್ಲಿ ಎಡ್ವರ್ಡ್ ಲಾರ್ಡ್ ಬ್ರೂಸ್ ಎಂಬವನನ್ನು ದ್ವಂದ್ವಯುದ್ಧದಲ್ಲಿ ಕೊಂದ. ಪಕ್ಕದಲ್ಲಿ ಡಯಾನಾ ಸೆಸಿಲ್, ಆನ್ ಸೆಸಿಲ್ ಎಂಬ ಅಕ್ಕತಂಗಿಯರು ಒಂದೇ ಥರದ ಉಡುಪು ತೊಟ್ಟು ನಿಂತಿದ್ದಾರೆ. ಬೇಕೆಂದೇ ಸಣ್ಣ ಸಣ್ಣ ಸೀಳು ಹಾಕಿಸಿದ ಬಟ್ಟೆ ಅದು, ಆಗಿನ ಷೋಕಿ. 1614ರಲ್ಲಿ ಅವರ ಸೋದರಿ ಎಲಿಜಬೆತ್‌ಗೆ ಥಾಮಸ್ ಹೊವರ್ಡ್‌ನೊಂದಿಗೆ ಮದುವೆಯಾಯಿತು. ಆ ಮದುವೆಯ ನೆನಪಿಗೇ ಈ ಸಾಲು ಬರೆಸಿರಬೇಕೆಂದು ಬಲ್ಲವರು ಹೇಳುತ್ತಾರೆ. ನನಗಂತೂ ಅದರಲ್ಲಿ ಸಂಶಯವಿಲ್ಲ. ಮದುವೆಗೆ ಒಂದೇ ಥರದ ಸೀರೆ ಉಟ್ಟು ನಿಂತ ಅಕ್ಕತಂಗಿಯರನ್ನು ನಾನು ಎಷ್ಟು ಆಲ್ಬಂಗಳಲ್ಲಿ ನೋಡಿಲ್ಲ!

ಮುಖಗಳ ಬಗ್ಗೆ ಒಂದು ಮಾತು ಹೇಳಬೇಕು. ಲಾರ್ಕಿನ್‌ನ ಮುಖಗಳು ಚಪ್ಪಟೆ, ಎಲ್ಲರೂ ಒಂದೇ ಥರ ಎನ್ನುವವರಿದ್ದಾರೆ. ಇಂಗ್ಲೆಂಡಿನಲ್ಲಿ ಮುಖದ ಮೇಲೆ ನೆರಳು ಬೇಡವೆಂಬುದು ಹಿಂದಿನ ತಲೆಮಾರಿನಿಂದ ಬಂದ ರುಚಿ. ಎಲಿಜಬೆತ್ ರಾಣಿ ನೆರಳಿಲ್ಲದ ತೋಟದ ಬಯಲಿನಲ್ಲಿ ಕೂತು ಬರೆಸಿಕೊಂಡಳೆಂದು ಅವಳ ಚಿತ್ರಕಾರ ನಿಕೊಲಸ್ ಹಿಲಿಯರ್ಡ್ ಬರೆದಿಟ್ಟಿದ್ದಾನೆ. ಮೈಸೂರು ಶೈಲಿಯಲ್ಲಿ ಬೆಳೆದ ನನ್ನ ಕಣ್ಣಿಗೆ ಆ ನೆರಳಿಲ್ಲದ ಮುಖ ಕೊರತೆಯಾಗಿ ಕಾಣುವುದೇ ಇಲ್ಲ. ಲಾರ್ಕಿನ್ ಸಾಯುವ ಹೊತ್ತಿಗೆ ವಾನ್ ಸೋಮರ್, ಮೈಟೆನ್ಸ್‌ನಂಥವರು ಸಮುದ್ರದ ಆಚೆಯಿಂದ ಬಂದು ನೆರಳು ಬೆಳಕಿನ ಹೊಸ ರೀತಿ ತಂದಿದ್ದರು. ಆಮೇಲೆ ವಾನ್ ಡೈಕ್ ಬಂದ, ಲಾರ್ಕಿನ್‌ನ ರೀತಿ ಹಳತಾಯಿತು. ವಾನ್ ಡೈಕ್‌ನ ಲೇಸು ನಾಲ್ಕು ಬೀಸಿಗೆ ಮುಗಿಯುತ್ತದೆ, ದೂರದಿಂದ ನೋಡಿದರೆ ಅದ್ಭುತ. ಹತ್ತಿರ ಹೋದರೆ ಅಲ್ಲಿ ನೇಯ್ದವಳ ಕೈ ಇಲ್ಲ. ಲಾರ್ಕಿನ್‌ನಲ್ಲಿ ಅದು ಇದೆ.

ಲೇಸು ಮುಗಿದ ವಾರ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಗೆ ಹೋಗಿ ಸ್ಯಾಕ್‌ವಿಲ್‌ನ ಹೆಂಡತಿ ಆನ್ ಕ್ಲಿಫರ್ಡ್‌ಳನ್ನು ನೋಡಿದೆ. ಅದೂ ಲಾರ್ಕಿನ್ ಬರೆದದ್ದೇ, ಚಿಕ್ಕ ಚಿತ್ರ. ಅಪ್ಪನ ಆಸ್ತಿಗಾಗಿ ಹೋರಾಡಿದ ಹೆಣ್ಣು ಅವಳು. ಹಣ ತೆಗೆದುಕೊಂಡು ಹಕ್ಕು ಬಿಟ್ಟುಕೊಡು ಎಂದು ಗಂಡ ಒತ್ತಾಯಿಸಿದ, 1617ರಲ್ಲಿ ಸ್ವತಃ ಜೇಮ್ಸ್ ದೊರೆಯೇ ಅವಳ ವಿರುದ್ಧ ತೀರ್ಪು ಕೊಟ್ಟ, ಆದರೂ ಅವಳು ಒಪ್ಪಲಿಲ್ಲ. ಕೊನೆಗೆ 1643ರಲ್ಲಿ ಆಸ್ತಿ ಅವಳ ಕೈಗೇ ಬಂತು. ಅದೆಲ್ಲ ಅವಳ ಮುಖದಲ್ಲಿ ಕಾಣುತ್ತದೆಯೇ ಎಂದು ಬಹಳ ಹೊತ್ತು ಹುಡುಕಿದೆ. ತುಟಿ ಬಿಗಿದಿದೆ, ಕಣ್ಣು ನೇರವಾಗಿದೆ, ಇಷ್ಟೇ. ಕೊರಳಿನ ಲೇಸಿನ ಮೇಲೆ ಮಾತ್ರ ಒಂದು ಚುಕ್ಕೆಯೂ ಅಲುಗಿಲ್ಲ.

ಹೋದ ತಿಂಗಳು ಲಂಡನ್ನಿನ ಹ್ಯಾರೋದಲ್ಲಿರುವ ನಮ್ಮ ಕಡೆಯ ಅಜ್ಜಿಯೊಬ್ಬರು ತಮ್ಮ ಭಾವಚಿತ್ರ ಬೇಕೆಂದು ಬಂದರು. ಮುಖಕ್ಕೆ ಎರಡು ಮಧ್ಯಾಹ್ನ ಕೂರಿಸಿದೆ. ಆಮೇಲೆ, ಉಟ್ಟ ರೇಷ್ಮೆ ಸೀರೆಯನ್ನು ಮೂರು ವಾರ ನನ್ನ ಹತ್ತಿರ ಬಿಟ್ಟು ಹೋಗಬೇಕು ಎಂದೆ. ಹೀಗೆ ಯಾರನ್ನೂ ಹಿಂದೆ ಕೇಳಿದವಳಲ್ಲ ನಾನು. ಅವರು ನನ್ನನ್ನೊಮ್ಮೆ, ಕಿಟಕಿಯ ಪಕ್ಕದಲ್ಲಿ ಒಣಗಲಿಟ್ಟ ಲೇಸಿನ ಹಲಗೆಯನ್ನೊಮ್ಮೆ ನೋಡಿದರು. ಒಳಗೆ ಹೋಗಿ ಬೇರೆ ಸೀರೆ ಉಟ್ಟು ಬಂದು, ಜರಿ ಒಳಗಾಗುವಂತೆ ಮಡಚಿ, ಹಳೆಯ ಮಲ್ಲುಪಂಚೆಯಲ್ಲಿ ಸುತ್ತಿ ನನ್ನ ಎರಡೂ ಕೈಗೆ ಕೊಟ್ಟರು.

“ಜೋಪಾನ ಕಣಮ್ಮ, ನಮ್ಮತ್ತೇದು ಇದು. ಸೆರಗಲ್ಲಿ ಒಂದು ಕಡೆ ಜರಿ ಬಿಟ್ಟಿದೆ. ಬರೆಯೋವಾಗ ಅದನ್ನೂ ಬರಿ.”