ಬಂದೂಕು ಕತ್ತರಿಸಿ ಬಾರುಕೋಲು ಕೊಟ್ಟೆವು: ಆಟಿಕೆ ಸೈನಿಕರ ಜೊತೆ ನನ್ನ ಅನುಭವ

ಆಟಿಕೆ ಸೈನಿಕರನ್ನು ಬೀದಿಯಲ್ಲಿಟ್ಟು ಯುದ್ಧ ಬೇಡ ಅಂದರೆ ಧಾರವಾಡದಲ್ಲಿ ಯಾರೂ ಬಗ್ಗಿ ನೋಡುವುದಿಲ್ಲ ಎಂದು ಹೇಳಿದವರು ಬಹಳ ಜನ. ಅವರಲ್ಲಿ ಅರ್ಧಕ್ಕರ್ಧ ಮಂದಿ ನಮ್ಮ ಹಾಗೆ ಗೋಡೆ ಚಿತ್ರ, ಬೀದಿ ನಾಟಕ ಮಾಡುವವರೇ. ಈಗ ಅವರೇ ಫೋನ್ ಮಾಡಿ "ಆ ಕೈಯೊಳಗ ತಂತಿ ಹೆಂಗ ಕೂರಿಸ್ತೀರಿ?" ಎಂದು ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಒಮ್ಮೆ ಬರೆದುಬಿಡೋಣ ಅನ್ನಿಸಿತು.

ಮೂಲ ಯೋಚನೆ ನನ್ನದಲ್ಲ. ಇರಾಕ್ ಯುದ್ಧದ ಹೊತ್ತಿಗೆ ಅಮೆರಿಕದಲ್ಲಿ ಕೆಲವರು ಹಸಿರು ಪ್ಲಾಸ್ಟಿಕ್ ಸೈನಿಕರಿಗೆ 'ನನ್ನನ್ನು ಮನೆಗೆ ಕರೆಸಿಕೊಳ್ಳಿ' ಎಂಬ ಚೀಟಿ ಅಂಟಿಸಿ ಅಂಗಡಿ, ಬಸ್ಸು, ಬೆಂಚುಗಳ ಮೇಲೆ ಬಿಟ್ಟು ಹೋಗುತ್ತಿದ್ದರು. 2012ರಲ್ಲಿ ಸೈಬೀರಿಯಾದ ಬರ್ನೌಲ್ ಊರಿನವರು ಚುನಾವಣೆಯ ಅಕ್ರಮದ ವಿರುದ್ಧ ಹಿಮದ ಮೇಲೆ ಆಟಿಕೆಗಳ ಸಭೆಯನ್ನೇ ನಡೆಸಿದರು. ಇನ್ನೊಮ್ಮೆ ಅನುಮತಿ ಕೇಳಿದಾಗ, ಆಟಿಕೆಗಳು ರಷ್ಯಾದ ಪ್ರಜೆಗಳಲ್ಲ ಎಂದು ಅಧಿಕಾರಿಗಳು ನಿರಾಕರಿಸಿದರು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾಗಿ, ಫಲಕ ಹಿಡಿದು ನಿಂತವರನ್ನೆಲ್ಲ ರಷ್ಯಾದಲ್ಲಿ ಹಿಡಿದು ಒಯ್ಯತೊಡಗಿದಾಗ, ಬೆರಳುದ್ದದ ಮಣ್ಣಿನ ಗೊಂಬೆಗಳು ಯುದ್ಧವಿರೋಧಿ ಫಲಕ ಹಿಡಿದು ಬೀದಿಗೆ ಬಂದವು. ಅವನ್ನು ಮಾಡಿದವರ ಧೈರ್ಯದ ಮುಂದೆ ನಮ್ಮದು ಏನೂ ಅಲ್ಲ.

ನನ್ನನ್ನು ಕೆಲಸಕ್ಕೆ ಹಚ್ಚಿದ್ದು ಮಾತ್ರ ನಮ್ಮದೇ ಸುದ್ದಿ. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ದಿನಸಿಗೆ ಸರದಿಯಲ್ಲಿ ನಿಂತಿದ್ದ ವೈದ್ಯಕೀಯ ವಿದ್ಯಾರ್ಥಿ ಶೆಲ್ ದಾಳಿಗೆ ಸಿಕ್ಕಿ ಸತ್ತ. ಹಾವೇರಿ ಜಿಲ್ಲೆಯ ಚಳಗೇರಿಯ ಹುಡುಗ. ಇಲ್ಲಿಂದ ಎರಡು-ಮೂರು ತಾಸಿನ ದಾರಿ. ಅವನ ದೇಹ ಊರಿಗೆ ಬರಲು ಸುಮಾರು ಮೂರು ವಾರ ಹಿಡಿಯಿತು. ಯುದ್ಧ ದೂರದ್ದು, ನಮಗೇನು ಎಂದು ಯಾರಾದರೂ ಅಂದಾಗಲೆಲ್ಲ ನನಗೆ ಚಳಗೇರಿಯೇ ನೆನಪಾಗುತ್ತದೆ.

ಮೊದಲ ವರ್ಷ ಅಮೆರಿಕದವರ ದಾರಿಯನ್ನೇ ಹಿಡಿದೆವು. ಹುಬ್ಬಳ್ಳಿಯ ದುರ್ಗದಬೈಲ್ ಕಡೆಯ ಸಗಟು ಅಂಗಡಿಯಿಂದ ಸೈನಿಕರ ಪ್ಯಾಕೆಟ್ ತಂದು, ಕೈಗೆ ಕಾಗದದ ಫಲಕ ಕೊಟ್ಟು, ಜ್ಯುಬಿಲಿ ಸರ್ಕಲ್, ಕೆ.ಸಿ. ಪಾರ್ಕ್, ಉಣಕಲ್ ಕೆರೆ ದಂಡೆ, ಹೀಗೆ ಅಲ್ಲಲ್ಲಿ ನಿಲ್ಲಿಸಿದೆವು. ನೂರಿನ್ನೂರು ಗೊಂಬೆ ಹೋದವು. ಒಂದಷ್ಟನ್ನು ಬೆಳಗಿನ ಜಾವ ಕಸ ಗುಡಿಸುವವರು ಗುಡಿಸಿದರು, ಅವರ ಕೆಲಸ ಅದು. ಉಳಿದವನ್ನು ಮಕ್ಕಳು ಜೇಬಿಗೆ ಹಾಕಿಕೊಂಡರು. ಫಲಕ ಓದಿದವರು ತೀರಾ ಕಡಿಮೆ. ಓದಿದವರಲ್ಲಿ ಒಬ್ಬರು "ಯಾವುದೋ ಸಿನಿಮಾದ ಪ್ರಚಾರ ಇರಬೇಕು" ಅಂದರು. ನೆಲದ ಮೇಲೆ ಒಂಟಿಯಾಗಿ ನಿಂತ ಹಸಿರು ಸೈನಿಕ ನಮ್ಮೂರಿನಲ್ಲಿ ಯಾರ ಕಣ್ಣಿಗೂ ಮಾತಾಡಲಿಲ್ಲ.

ಪ್ಲಾಸ್ಟಿಕ್ಕಿನ ಕಾಟ ಬೇರೆ. ಕೈಹಾಕಿದವರಿಗೆ ಗೊತ್ತು, ಇವು ಪಾಲಿಥೀನ್. ಬಣ್ಣ ಹಿಡಿಯುವುದಿಲ್ಲ, ಅಂಟು ಹಿಡಿಯುವುದಿಲ್ಲ. ಐದು ರೂಪಾಯಿಯ ದಿಢೀರ್ ಅಂಟು ಹಚ್ಚಿದರೆ ಸಂಜೆಗೆ ಫಲಕ ಉದುರಿ ಬಿದ್ದಿರುತ್ತದೆ. ಮರಳು ಕಾಗದ ತಿಕ್ಕಿದರೆ ಮೈಯೆಲ್ಲ ನೂಲು ನೂಲು. ಕಿನ್ನಾಳದ ಕಟ್ಟಿಗೆ ಗೊಂಬೆಯವರು ಹುಣಸೆ ಬೀಜದ ಅಂಟು ಬಳಸುತ್ತಾರಲ್ಲ, ಅದನ್ನೂ ಅರೆದು ಕುದಿಸಿ ನೋಡಿದೆ. ಕಟ್ಟಿಗೆಗೆ ಅದು ಸೊಗಸಾಗಿ ಕೂರುತ್ತದೆ. ಪ್ಲಾಸ್ಟಿಕ್ ಮೇಲೆ ಒಣಗಿ ಹೊಪ್ಪಳೆ ಎದ್ದಿತು, ಜೊತೆಗೆ ರಾತ್ರಿಯಿಡೀ ಇರುವೆ ಸಾಲು. ಎರಡು ಭಾನುವಾರ ಇದಕ್ಕೇ ಹೋಯಿತು, ಆದರೂ ಆ ಅಂಟಿನ ಹದ ಕಲಿತದ್ದು ಈಗ ಬೇರೆ ಕೆಲಸಕ್ಕೆ ಬಂದಿದೆ.

ಕೊನೆಗೆ ಅಂಟಿನ ಸಹವಾಸವನ್ನೇ ಬಿಟ್ಟೆ. ಗೋಣಿ ಹೊಲಿಯುವ ದಬ್ಬಣವನ್ನು ಒಲೆಯ ಮೇಲೆ ಕಾಯಿಸಿ ಗೊಂಬೆಯ ಮುಷ್ಟಿಯ ಮೂಲಕ ತೂತು ಹೊಡೆಯುವುದು, ಬಿಸಿ ಆರುವ ಮುಂಚೆ ತೆಳು ತಾಮ್ರದ ತಂತಿ ದಾಟಿಸುವುದು. ಆರಿದ ಮೇಲೆ ಎಳೆದರೂ ಬರುವುದಿಲ್ಲ. ದಬ್ಬಣ ಕೆಂಪಗಾಗಬಾರದು, ಕೈ ಕರಗಿ ಹೋಗುತ್ತದೆ. ಬಣ್ಣಕ್ಕೆ ಮುಂಚೆ ಸಾಬೂನು ನೀರಿನಲ್ಲಿ ತೊಳೆದು, ನೀರು ಬೆರೆಸಿದ ಫೆವಿಕಾಲ್ ಒಂದು ಕೈ ಬಳಿಯುತ್ತೇನೆ. ಅದರ ಮೇಲೆ ಅಕ್ರಿಲಿಕ್ ನಿಲ್ಲುತ್ತದೆ. ಕಲ್ಲಿನ ಮೇಲೆ ಕಲೆ ಬೀಳದ ಹಾಗೆ, ಗಾಳಿಗೂ ಹಾರದ ಹಾಗೆ ಬುಡವನ್ನು ಹೇಗೆ ಕೂರಿಸುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ಕೈಗೆ ಸಿಗಲು ನನಗೆ ಒಂದು ಇಡೀ ಆಷಾಢ ಬೇಕಾಯಿತು. ಜೊತೆಗೆ ಬಂದು ಕೆಲಸ ಮಾಡಿದವರಿಗೆ ತೋರಿಸುತ್ತೇನೆ.

ನಿಜವಾದ ತಿರುವು ಬಂದದ್ದು ಕುಂಬಾರ ಓಣಿಯಲ್ಲಿ. ಮಣ್ಣೆತ್ತಿನ ಅಮಾವಾಸ್ಯೆಗೆ ಪೂಜೆಯ ಮಣ್ಣಿನ ಎತ್ತು ತರಲು ಹೋಗಿದ್ದೆ. ಜಗಲಿಯ ಮೇಲೆ ಮಾರಾಟಕ್ಕಿಟ್ಟ ಸಣ್ಣ ಜೋಡಿಗಳು, ಹಿಂದೆ ನಿಲ್ಲಲು ರೈತನಿಲ್ಲ. ಚೀಲದಲ್ಲಿ ಸೈನಿಕರಿದ್ದರು. ಒಬ್ಬನನ್ನು ತೆಗೆದು ಎತ್ತುಗಳ ಹಿಂದೆ ನಿಲ್ಲಿಸಿದೆ. ಅಂಗಡಿಯ ಅಕ್ಕ ನೋಡಿ, "ಅವನ ಕೈಯಾಗಿನ ಬಂದೂಕ ತಗೀರಿ ಮೊದಲ, ಎತ್ತು ಬೆದರ್ತಾವು" ಅಂದರು. ಅಲ್ಲಿಂದ ಎಲ್ಲ ಸರಳವಾಯಿತು. ಬಂದೂಕು ಕತ್ತರಿಸಿ ತಾಮ್ರದ ತಂತಿಯ ಬಾರುಕೋಲು ಕೊಟ್ಟೆವು.

ಗುಂಪಿನಲ್ಲಿ ಮತ್ತೆ ತಕರಾರು. "ಜನ ಇದನ್ನು ಜೈ ಜವಾನ್ ಜೈ ಕಿಸಾನ್ ಅಂದ್ಕೋತಾರೆ, 1965ರ ಘೋಷಣೆ ಇದು, ಯುದ್ಧದ ವಿರುದ್ಧ ಅಲ್ಲ" ಎಂದು ಹಿರಿಯ ಕಲಾವಿದರೊಬ್ಬರು ಪಟ್ಟು ಹಿಡಿದರು. ಅವರ ಮಾತಿನಲ್ಲಿ ಹುರುಳಿತ್ತು. 'ಯುದ್ಧ ಬೇಡ', 'ಶಾಂತಿ ಬೇಕು' ಎಂದೆಲ್ಲ ಬರೆದು ನೋಡಿದೆವು, ಗೊಂಬೆ ಸತ್ತ ಹಾಗಾಗುತ್ತಿತ್ತು. ಆಮೇಲೆ ಫಲಕದಲ್ಲಿ ಸೈನಿಕನೇ ನಮ್ಮ ಮಾತಿನಲ್ಲಿ ಕೇಳುವ ಹಾಗೆ ಬರೆದೆ: "ಮನಿಗೆ ಹೋಗಬೇಕ್ರೀ. ಬಿತ್ತಿಗಿ ಬಂದೈತಿ." ಅಷ್ಟೇ. ಈ ಒಂದು ಸಾಲು ನಾನು ಈವರೆಗೆ ಗೋಡೆಗಳ ಮೇಲೆ ಬರೆದ ಎಲ್ಲದಕ್ಕಿಂತ ದೂರ ಹೋಗಿದೆ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಪ್ಯಾಕೆಟ್ಟಿನ ಒಂದೊಂದು ಭಂಗಿಗೂ ಈಗ ಒಂದು ಕೆಲಸ ಇದೆ. ನೆಲಬಾಂಬು ಹುಡುಕುವವನಿಗೆ ಕಳೆ ತೆಗೆಯುವ ಎಡೆಕುಂಟೆ, ಅವನ ಬಗ್ಗಿದ ಬೆನ್ನಿಗೆ ಅದು ಹೇಳಿ ಮಾಡಿಸಿದ್ದು. ಹೆಗಲ ಮೇಲೆ ರಾಕೆಟ್ ಕೊಳವೆ ಹೊತ್ತವನಿಗೆ, ಕಲಸಿದ ಮೇಲೆ ಗಟ್ಟಿಯಾಗುವ ಎಂ-ಸೀಲ್‌ನಲ್ಲಿ ಮಾಡಿದ ಬೀಜದ ಚೀಲ. ದುರ್ಬೀನು ಹಿಡಿದವನನ್ನು ಮೋಡ ನೋಡುವ ಹಾಗೆ ಹಿಂದಕ್ಕೆ ಬಾಗಿಸುತ್ತೇನೆ. ತೆವಳುವವನಿಗೆ ಬಹಳ ದಿನ ಕೆಲಸ ಸಿಗಲಿಲ್ಲ, ಈಗ ಅವನ ಬಂದೂಕು ತೆಗೆದು ಬಂಡಿಯ ನೆರಳಲ್ಲಿ ಮಲಗಿಸಿದ್ದೇವೆ. ರೇಡಿಯೋ ಫೋನ್ ಹಿಡಿದವನನ್ನು ಮಾತ್ರ ಮುಟ್ಟುವುದಿಲ್ಲ. ಅವನ ಫಲಕ: "ಅವ್ವಾ, ಮಳಿ ಆತೇನ?" ಜನ ಅತಿ ಹೆಚ್ಚು ಫೋಟೋ ತೆಗೆಯುವುದು ಇವನದೇ.

ಜಾಗದ ವಿಷಯ. ನೆಲ ಬೇಡವೇ ಬೇಡ. ಜನ ಕಾಯುತ್ತ ನಿಲ್ಲುವ ಕಡೆ, ಎದೆಯೆತ್ತರದಲ್ಲಿ ಇಡಬೇಕು. ಚಹಾದಂಗಡಿಯ ಕಟ್ಟೆ, ಝೆರಾಕ್ಸ್ ಅಂಗಡಿಯ ಗಾಜಿನ ಪಕ್ಕ, ಬೀಜ-ಗೊಬ್ಬರದ ಅಂಗಡಿ. ಅಂಗಡಿಯವರನ್ನು ಕೇಳಿಯೇ ಇಡುತ್ತೇವೆ, ಹತ್ತರಲ್ಲಿ ಆರೇಳು ಜನ ಹೂಂ ಅನ್ನುತ್ತಾರೆ. ಬೀಜದ ಅಂಗಡಿಯವರಂತೂ ತಾವೇ ಜಾಗ ತೋರಿಸಿದರು. ಕಾರ ಹುಣ್ಣಿಮೆಯಿಂದ ನಾಗರ ಪಂಚಮಿಯವರೆಗೆ ಸುಮಾರು ಒಂದೂವರೆ ತಿಂಗಳು ಇದರ ಕಾಲ. ಮಣ್ಣೆತ್ತು, ಆಷಾಢದ ಮಣ್ಣಿನ ಗೊಂಬೆ ಗುಳ್ಳವ್ವ, ಎಲ್ಲ ಆ ಹೊತ್ತಿಗೇ ಬರುವುದರಿಂದ ಜನರ ಕಣ್ಣು ಸಣ್ಣ ಗೊಂಬೆಗಳಿಗೆ ಹೊಂದಿಕೊಂಡಿರುತ್ತದೆ. ದೀಪಾವಳಿ ಹೊತ್ತಿಗೆ ಇಟ್ಟು ನೋಡಿದೆ, ಪರಿಣಾಮ ಅರ್ಧವೂ ಇರಲಿಲ್ಲ.

ಹಸಿ ಮಣ್ಣಿನ ಎತ್ತು ಒಂದು ಜೋರು ಮಳೆಗೆ ಕರಗಿಬಿಡುತ್ತದೆ. ಮೊದಲು ಬೇಜಾರಾಗಿ ಸುಟ್ಟ ಎತ್ತು ಮಾಡಿಸಿದೆವು. ಬೆಲೆ ಎರಡು ಪಟ್ಟು, ನೋಡಲು ಅಂಗಡಿಯ ಸಾಮಾನಿನ ಹಾಗೆ. ಈಗ ಮತ್ತೆ ಹಸಿ ಮಣ್ಣೇ. ಎತ್ತು ಕರಗಿದ ಮೇಲೆ ಸೈನಿಕನನ್ನು ತಂದು ತೊಳೆದು ಇನ್ನೊಂದು ಕಡೆ ಇಡುತ್ತೇವೆ. ಪ್ಲಾಸ್ಟಿಕ್ಕನ್ನು ಬೀದಿಯಲ್ಲಿ ಬಿಟ್ಟು ಬರುವುದು ನನಗೆ ಸರಿ ಕಾಣುವುದಿಲ್ಲ. ಯಾರಾದರೂ ಮನೆಗೆ ಒಯ್ದರೆ ಸಂತೋಷ.

ನಡುವೆ ವೀರಗಲ್ಲಿನ ಪ್ರಯೋಗವನ್ನೂ ಮಾಡಿದೆ. ಅಂಗೈಯಗಲದ ಮಣ್ಣಿನ ಕಲ್ಲು, ಮೂರು ಅಂತಸ್ತು. ಕೆಳಗೆ ಕಾಳಗದಲ್ಲಿ ಆಟಿಕೆ ಸೈನಿಕ, ನಡುವೆ ಅವನನ್ನು ಒಯ್ಯುವ ಅಪ್ಸರೆಯರು. ಮೇಲೆ ಕೈಲಾಸದ ಬದಲು ಬಾಗಿಲಲ್ಲಿ ಕುಳಿತ ತಾಯಿ. ಕೆತ್ತನೆಯ ದೃಷ್ಟಿಯಿಂದ ನನ್ನ ಕೈಯಿಂದ ಬಂದ ಒಳ್ಳೆಯ ಕೆಲಸ ಅದೇ. ಆದರೆ ವಾರ ಕಳೆಯುವುದರೊಳಗೆ ಯಾರೋ ಕುಂಕುಮ ಹಚ್ಚಿದರು, ಇನ್ಯಾರೋ ಹೂವಿಟ್ಟರು, ನಾಣ್ಯ ಬಿದ್ದವು. ಪೂಜೆ ಶುರುವಾದ ಮೇಲೆ ಪ್ರಶ್ನೆ ನಿಂತುಹೋಯಿತು. ಅಲ್ಲಿದ್ದವರಿಗೆ ಹೇಳಿ ತೆಗೆದುಕೊಂಡು ಬಂದೆ. ನಾಣ್ಯಗಳನ್ನು ಹತ್ತಿರದ ಗುಡಿಯ ಹುಂಡಿಗೆ ಹಾಕಿದೆವು.

ದುಡ್ಡಿನ ಮಾತು ಬಂದೇ ಬರುತ್ತದೆ. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. 2021ರಿಂದ ಐಎಸ್‌ಐ ಗುರುತೂ ಕಡ್ಡಾಯ. ನಮ್ಮ ಕಣ್ಣೆದುರೇ ಅಗ್ಗದ ಪ್ಯಾಕೆಟ್‌ಗಳು ಮಾಯವಾದವು. ಎಂಬತ್ತು-ತೊಂಬತ್ತಕ್ಕೆ ಸಿಗುತ್ತಿದ್ದದ್ದಕ್ಕೆ ಈಗ ಇನ್ನೂರರ ಹತ್ತಿರ ಕೊಡುತ್ತೇವೆ. ಹಳೆಯ ಸಾಮಾನಿನವರ ಗಾಡಿಯಲ್ಲಿ ಕೆ.ಜಿ. ಲೆಕ್ಕದಲ್ಲಿ ಸಿಕ್ಕರೆ ಅದೇ ಲಾಭ. ಮಣ್ಣೆತ್ತಿನ ಸಣ್ಣ ಜೋಡಿ ಮೂವತ್ತು-ನಲವತ್ತು ರೂಪಾಯಿ, ಅಮಾವಾಸ್ಯೆಯ ಮರುದಿನ ಹೋದರೆ ಅರ್ಧಕ್ಕೆ ಬರುತ್ತದೆ. ನಾನು ಚೌಕಾಸಿ ಮಾಡುವುದಿಲ್ಲ, ಅವರಿಗೂ ಅದೊಂದೇ ಹಂಗಾಮು. ತಂತಿ, ಬಣ್ಣ, ಎಂ-ಸೀಲ್ ಸೇರಿ ಒಂದು ಜೋಡಣೆಗೆ ಅರವತ್ತು-ಎಪ್ಪತ್ತು ಬೀಳುತ್ತದೆ. ಮೊದಲ ಎರಡು ವರ್ಷ ಹದಿನೈದು ಸಾವಿರಕ್ಕೂ ಜಾಸ್ತಿ ನನ್ನ ಕೈಯಿಂದಲೇ ಹೋಯಿತು, ಮನೆಯಲ್ಲಿ ಮಾತು ಕೇಳಿದ್ದೇನೆ. ಈಗ ಖರ್ಚನ್ನು ಎಲ್ಲರೂ ಹಂಚಿಕೊಳ್ಳುತ್ತೇವೆ.

ಸೈನಿಕರಿಗೆ ಅವಮಾನ ಎಂದು ಜಗಳಕ್ಕೆ ಬಂದವರೂ ಇದ್ದಾರೆ. ಇದಕ್ಕೆ ನನ್ನ ಉತ್ತರ ಉದ್ದದ್ದಲ್ಲ. ಬೆಳಗಾವಿ ಕಡೆಯ ಮಾಜಿ ಸೈನಿಕರೊಬ್ಬರು ಚಹಾದಂಗಡಿಯಲ್ಲಿ ಗೊಂಬೆಯನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದರು. "ತಮ್ಮಾ, ಇದು ನಮ್ಮ ಕಥಿನ ಐತಲ್ಲೋ. ಸುಗ್ಗಿಗೆ ಒಮ್ಮೊಮ್ಮೆ ರಜಾ ಸಿಗತಿತ್ತು, ಬಿತ್ತಿಗಿಗೆ ಒಂದ ವರ್ಷಾನೂ ಸಿಗಲಿಲ್ಲ" ಅಂದರು. "ಕಾಕಾ, ಒಯ್ಯಿರಿ ಮನೆಗೆ" ಅಂದೆ. ಎರಡು ಕೇಳಿ ಒಯ್ದರು, ಒಂದು ಮೊಮ್ಮಗನಿಗೆ. ಗಾಜಾದ ಮಗು, ಉಕ್ರೇನಿನ ರೈತ, ಗಡಿಯ ಎರಡೂ ಕಡೆ ನಿಂತ ಹುಡುಗ, ಇವರೆಲ್ಲರ ಬಗ್ಗೆ ಮಾತು ಶುರುವಾಗುವುದು ಇಂಥ ಕಟ್ಟೆಯ ಮೇಲೇ. ನಾನು ಭಾಷಣ ಮಾಡಿದಾಗ ಒಮ್ಮೆಯೂ ಆಗಿರಲಿಲ್ಲ.

ಕರಕುಶಲ ಅಂಗಡಿಯವರೊಬ್ಬರು ಜೋಡಿಗೆ ಮುನ್ನೂರು ಕೊಡುತ್ತೇವೆ, ನೂರು ಜೋಡಿ ಮಾಡಿಕೊಡಿ ಎಂದು ಕೇಳಿದರು. ಒಪ್ಪಲಿಲ್ಲ. ಮಾರುವುದಕ್ಕೆ ಬೇಕಾದರೆ ಬೇರೆ ಗೊಂಬೆ ಮಾಡುತ್ತೇನೆ, ಇವು ಪುಕ್ಕಟೆ ಹೋಗಬೇಕು.

ಈ ಸಲ ಪ್ಲಾಸ್ಟಿಕ್ ಇನ್ನಷ್ಟು ಕಡಿಮೆ ಮಾಡುವ ಯೋಚನೆ ಇದೆ. ಜೋಳದ ದಂಟಿನಿಂದ ಬಂಡಿ ಮಾಡುವ ಕೆಲಸ ನಮ್ಮ ಹಳ್ಳಿಯ ಹಿರಿಯರಿಗೆ ಇನ್ನೂ ಕೈಯಲ್ಲಿದೆ. ಗಾಲಿಗೆ ಬೆಂಡು, ಅಚ್ಚಿಗೆ ಸಿಬಿರು, ಕೂಡುವಲ್ಲಿ ಅದೇ ಹುಣಸೆ ಬೀಜದ ಅಂಟು. ಹಿಂಗಾರಿ ಜೋಳದ ಒಣ ದಂಟು ಬೇಕು, ಹಸಿ ದಂಟು ಸೊಟ್ಟಗಾಗುತ್ತದೆ. ಧಾರವಾಡ, ನವಲಗುಂದ, ಅಣ್ಣಿಗೇರಿ ಕಡೆ ಯಾರ ಹೊಲದಲ್ಲಾದರೂ ಮಳೆ ತಾಗದ ದಂಟು ಇದ್ದರೆ ಒಂದೆರಡು ಸಿವುಡು ತೆಗೆದಿಡಿ. ಕಾರ ಹುಣ್ಣಿಮೆಗೆ ಮುಂಚೆ ನಾನೇ ಬಂದು ಒಯ್ಯುತ್ತೇನೆ.