ಮಣಿಪಾಲದ ಟೆರೇಸಿನ ಮೇಲೊಂದು ಐಗೇಟ್: ನನ್ನ ಅನುಭವ

ಹ್ಯಾಮ್ (ಲೈಸೆನ್ಸ್ ಪಡೆದ ಹವ್ಯಾಸಿ ರೇಡಿಯೋ ಬಳಕೆದಾರ) ಒಬ್ಬರು ಕಾರಿನಲ್ಲಿ ಹೋಗುವಾಗ ಅವರ ರೇಡಿಯೋ ತಾನಿರುವ ಜಾಗವನ್ನು ಆಗಾಗ ಸಣ್ಣ ಪ್ಯಾಕೆಟ್ (ಮಾಹಿತಿಯ ತುಣುಕು) ಆಗಿ ಬಿಡುತ್ತಾ ಹೋಗುತ್ತದೆ. ಇದೇ ಎಪಿಆರ್‌ಎಸ್, ಅಂದರೆ ಆಟೊಮ್ಯಾಟಿಕ್ ಪ್ಯಾಕೆಟ್ ರಿಪೋರ್ಟಿಂಗ್ ಸಿಸ್ಟಮ್. ಆದರೆ ಕೇಳುವವರೇ ಇಲ್ಲದಿದ್ದರೆ ಬಿಟ್ಟು ಏನು ಪ್ರಯೋಜನ, ಅಲ್ವಾ? ಅದಕ್ಕೇ ನಾನು ಹೀಗೆ ಜಾಗ ತಿಳಿಸುವ ಟ್ರ್ಯಾಕರ್‌ಗಿಂತ ಮೊದಲು ಕೇಳುವ ಸ್ಟೇಷನ್ ಕಟ್ಟಿದೆ. ಗಾಳಿಯಲ್ಲಿ ಬಂದ ಪ್ಯಾಕೆಟ್ ಹಿಡಿದು ಇಂಟರ್‌ನೆಟ್‌ಗೆ ದಾಟಿಸುವ ಇಂಥ ಸ್ಟೇಷನ್ನಿಗೆ ಐಗೇಟ್ ಅನ್ನುತ್ತಾರೆ.

ಸಾಮಾನು ಜಾಸ್ತಿ ಬೇಡ. ಒಂದು ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್, ಯುಎಸ್‌ಬಿಗೆ ಚುಚ್ಚುವ ರೇಡಿಯೋ ರಿಸೀವರ್ ಆದ ಒಂದು ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್, ಡೈರ್‌ವುಲ್ಫ್ ಎಂಬ ಉಚಿತ ಸಾಫ್ಟ್‌ವೇರ್. ಪ್ಯಾಕೆಟ್ ಅಂದರೆ 1200 ಮತ್ತು 2200 ಹರ್ಟ್ಸ್‌ನ ಎರಡು ಸ್ವರಗಳು. ಅದನ್ನು ಅಕ್ಷರಕ್ಕೆ ತಿರುಗಿಸುವುದು ಡೈರ್‌ವುಲ್ಫ್ ಕೆಲಸ. ಇಂಟರ್‌ನೆಟ್‌ನಲ್ಲಿರುವ ಎಪಿಆರ್‌ಎಸ್ ಸರ್ವರ್‌ಗೆ ಲಾಗಿನ್ ಆಗಲು ಕಾಲ್‌ಸೈನ್ (ಲೈಸೆನ್ಸ್ ಜೊತೆ ಸಿಗುವ ಗುರುತಿನ ಹೆಸರು) ಮತ್ತು ಅದರಿಂದಲೇ ಲೆಕ್ಕ ಹಾಕಿದ ಪಾಸ್‌ಕೋಡ್ ಬೇಕು. ಹಾಗಾಗಿ ಲೈಸೆನ್ಸ್ ಪರೀಕ್ಷೆ ಮೊದಲು ಪಾಸ್ ಮಾಡಿ. ಐಗೇಟ್‌ಗೆ ಕಾಲ್‌ಸೈನ್ ಕೊನೆಗೆ -10 ಹಾಕುವುದು ರೂಢಿ, ಕಾರಿಗೆ -9.

ನಿಜವಾದ ಕೆಲಸ ಇರುವುದು ಆಂಟೆನಾದಲ್ಲಿ. ತರಂಗದ ಉದ್ದದ ಕಾಲು ಭಾಗದಷ್ಟು ಕಡ್ಡಿಯ ಗ್ರೌಂಡ್‌ಪ್ಲೇನ್ ಆಂಟೆನಾ ಮಾಡಿದೆ: ಮೇಲೆ ಸುಮಾರು 49 ಸೆಂಟಿಮೀಟರ್ ಕಡ್ಡಿ, ಕೆಳಗೆ ಓರೆಯಾಗಿ ನಾಲ್ಕು. ಕೇಬಲ್ ಆದಷ್ಟು ಗಿಡ್ಡ ಇರಲಿ. ತೆಳ್ಳಗಿನ ಆರ್‌ಜಿ-58 ಕೇಬಲನ್ನು ಎಪಿಆರ್‌ಎಸ್‌ನ 145 ಮೆಗಾಹರ್ಟ್ಸ್ ಆಸುಪಾಸಿನ ಫ್ರೀಕ್ವೆನ್ಸಿಯಲ್ಲಿ 15 ಮೀಟರ್ ಎಳೆದರೆ ಸಿಗ್ನಲ್ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ. ನಾನು ಡಾಂಗಲ್ ಮತ್ತು ಪೈಯನ್ನೇ ಮೆಟ್ಟಿಲಿನ ಕೋಣೆಗೆ ಏರಿಸಿದೆ. ನಮ್ಮ ಕರಾವಳಿಯ ಉಪ್ಪುಗಾಳಿ, ಮಳೆ ಎರಡೂ ಕನೆಕ್ಟರ್ ತಿನ್ನುತ್ತವೆ. ತಾನೇ ಅಂಟಿಕೊಳ್ಳುವ ರಬ್ಬರ್ ಟೇಪ್ ಬಿಗಿಯಾಗಿ ಸುತ್ತಿ. ಗೋಡೆಯೊಳಗೆ ಹೋಗುವ ಮೊದಲು ಕೇಬಲ್ ಒಮ್ಮೆ ಕೆಳಗೆ ಬಳುಕಲಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಮುಂಗಾರಿಗೆ ಮುಂಚಿನ ಗುಡುಗಿನ ದಿನಗಳಲ್ಲಿ ಕೇಬಲ್ ಕಳಚಿಟ್ಟುಬಿಡಿ.

ಮೊದಲು ಕೇಳಿದ್ದು 145.825 ಮೆಗಾಹರ್ಟ್ಸ್. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿರುವ ಹ್ಯಾಮ್ ರೇಡಿಯೋ, ಪ್ಯಾಕೆಟ್ ಕೆಲಸ ಚಾಲೂ ಇದ್ದಾಗ, ನೆಲದಿಂದ ಬಂದ ಪ್ಯಾಕೆಟ್‌ಗಳನ್ನು ಇದರಲ್ಲೇ ಮರಳಿ ಬಿಡುತ್ತದೆ. ನಿಲ್ದಾಣ ಹೆಚ್ಚಾಗಿ ಪಶ್ಚಿಮದ ಕಡೆಯಿಂದಲೇ ಏರಿ ಬರುವುದು. ನಮಗೋ ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ಅಡ್ಡ ಒಂದು ಗುಡ್ಡವೂ ಇಲ್ಲ. ಈ ವಿಷಯದಲ್ಲಿ ಉಡುಪಿಯವರಷ್ಟು ಅದೃಷ್ಟ ಬೆಂಗಳೂರಿನವರಿಗಿಲ್ಲ! ನಿಲ್ದಾಣದ ವೇಗದಿಂದಾಗಿ ಫ್ರೀಕ್ವೆನ್ಸಿ ಸುಮಾರು 3.5 ಕಿಲೋಹರ್ಟ್ಸ್ ಆಚೀಚೆ ಸರಿಯುತ್ತದೆ, ಆದರೂ ಡಿಕೋಡ್ ಆಗುತ್ತದೆ. ನಾಲ್ಕು ನೂರು ಕಿಲೋಮೀಟರ್ ಎತ್ತರದಿಂದ ಬಂದ ಸಾಲು ನನ್ನ ಪರದೆಯ ಮೇಲೆ ಮೂಡಿದಾಗ ಮನೆಯವರನ್ನೆಲ್ಲ ಕೂಗಿ ಕರೆದೆ.

ನೆಲದ ಮೇಲಿನ ಕತೆ ಬೇರೆ. ಎಪಿಆರ್‌ಎಸ್‌ಗೆ ಅಮೆರಿಕದಲ್ಲಿ 144.390, ಯುರೋಪಿನಲ್ಲಿ 144.800 ಮೆಗಾಹರ್ಟ್ಸ್; ಇಲ್ಲಿ ಯಾವುದು ಎಂದು ಸುತ್ತಲಿನ ಹ್ಯಾಮ್‌ಗಳ ಜೊತೆ ಮಾತಾಡಿಕೊಂಡೇ ಇಡಬೇಕು. ಗೆಳೆಯರೊಬ್ಬರು ಆಗುಂಬೆ ಕಡೆ ಕಾರು ಬಿಟ್ಟರು. ಪರ್ಕಳದವರೆಗೆ ಚೆನ್ನಾಗಿ ಬಂತು. ಹಿರಿಯಡ್ಕ ದಾಟಿದ ಮೇಲೆ ಬಿಟ್ಟು ಬಿಟ್ಟು ಬಂತು. ಸೋಮೇಶ್ವರದಲ್ಲಿ, ಘಾಟಿಯ ಬುಡದಲ್ಲಿ, ಏನೂ ಇಲ್ಲ. ಈ ತರಂಗಗಳು ಗುಡ್ಡ ಬಳಸಿ ಬರುವುದಿಲ್ಲ.

ನಿಮ್ಮ ಸ್ಟೇಷನ್ ಎಷ್ಟು ದೂರ ಕೇಳುತ್ತದೆ ಎಂದು ಪ್ಯಾಕೆಟ್‌ಗಳನ್ನು ತೋರಿಸುವ ಎಪಿಆರ್‌ಎಸ್.ಎಫ್‌ಐ ಜಾಲತಾಣದ ನಕ್ಷೆ ನೋಡಿಯೇ ತೀರ್ಮಾನಿಸಬೇಡಿ. ಒಂದೇ ಪ್ಯಾಕೆಟನ್ನು ಎರಡು ಐಗೇಟ್ ಕಳಿಸಿದರೆ ಸರ್ವರ್ ಮೊದಲು ಬಂದದ್ದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡುತ್ತದೆ. ಡೈರ್‌ವುಲ್ಫ್ ಲಾಗ್ ನೋಡಿ, ಅದರಲ್ಲಿ ನೀವು ಕೇಳಿದ್ದೆಲ್ಲ ಇರುತ್ತದೆ.

ನನ್ನದು ಕೇಳಲಷ್ಟೇ, ಇಂಟರ್‌ನೆಟ್‌ನಿಂದ ಬಂದ ಸಂದೇಶವನ್ನು ಗಾಳಿಗೆ ಬಿಡಲಾರದು. ಎಪಿಆರ್‌ಎಸ್ ರೂಪಿಸಿದ ಬಾಬ್ ಬ್ರುನಿಂಗಾ ಅವರು ಇದು ಬರೀ ವಾಹನ ಹುಡುಕುವ ಸಾಧನವಲ್ಲ, ಸುತ್ತಲಿನವರು ಮಾಹಿತಿ ಹಂಚಿಕೊಳ್ಳುವ ಎರಡು ಕಡೆಯ ವ್ಯವಸ್ಥೆ ಎಂದು ಮತ್ತೆ ಮತ್ತೆ ಹೇಳುತ್ತಿದ್ದರು. ಮಳೆಗಾಲದಲ್ಲಿ ಘಾಟಿ ರಸ್ತೆ ಕುಸಿದು ಮೊಬೈಲ್ ಸಿಗ್ನಲ್ ಹೋದಾಗ ಅದರ ಬೆಲೆ ಗೊತ್ತಾಗುತ್ತದೆ. ಅದಕ್ಕೆ ಹಿರಿಯಡ್ಕ ಮತ್ತು ಸೋಮೇಶ್ವರದ ನಡುವಿನ ಹೆಬ್ರಿ ಕಡೆ, ಎತ್ತರದ ಜಾಗದಲ್ಲಿ, ಕಳಿಸುವ ಶಕ್ತಿಯೂ ಇರುವ ಒಂದು ಸ್ಟೇಷನ್ ಬೇಕು. ಅಲ್ಲಿ ಮನೆ, ಕರೆಂಟ್, ಕಾಲ್‌ಸೈನ್ ಮೂರೂ ಇರುವವರು ಯಾರಾದರೂ ಇದ್ದರೆ ಆಂಟೆನಾ ಮಾಡಿಕೊಡಲು ನಾನು ಬರುತ್ತೇನೆ.