ಕರ್ಮನ್ ಗಿಯಾ: ಬಿಸಿಲಲ್ಲಿ ಎಂಜಿನ್ ಕಾದು ಆಯಿಲ್ ಲೈಟ್ ಮಿಣುಕುವುದಕ್ಕೆ ಪರಿಹಾರ

ಗಾಡಿ ಫೋಕ್ಸ್‌ವ್ಯಾಗನ್ ಕರ್ಮನ್ ಗಿಯಾ, ಫ್ಯಾನ್ ಗಾಳಿಯಿಂದಲೇ ತಣ್ಣಗಾಗುವ 1600 ಸಿಸಿ ಎಂಜಿನ್, ಆಯಿಲ್ ಕೂಲರ್ ಫ್ಯಾನ್ ಶ್ರೌಡ್ (ಗಾಳಿಯನ್ನು ಎಂಜಿನ್ ಮೇಲೆ ಹಾಯಿಸುವ ತಗಡಿನ ಕವಚ) ಒಳಗೇ ಇರುವ ಹಳೇ ಮಾದರಿ. ಬಳ್ಳಾರಿಯಿಂದ ತೋರಣಗಲ್ಲಿನವರೆಗೆ ಸರಿ. ಸಂಡೂರು ಕಡೆಯ ಏರು ಸಿಕ್ಕರೆ ಎಳೆತ ಕಮ್ಮಿ, ನಾಕಿಂಗ್ ಸದ್ದು. ನಿಲ್ಲಿಸಿದರೆ ಐಡ್ಲಿಂಗ್‌ನಲ್ಲಿ ಆಯಿಲ್ ಲೈಟ್ (ಆಯಿಲ್ ಪ್ರೆಶರ್ ಕಮ್ಮಿ ಎಂಬ ಎಚ್ಚರಿಕೆ) ಮಿಣುಕು. ಬೆಳಗಿನ ತಂಪಿನಲ್ಲಿ ಏನೂ ಇಲ್ಲ.

ದಪ್ಪನೆಯ 20ಡಬ್ಲ್ಯು-50 ಆಯಿಲ್ ಹಾಕಿದರೆ ಲೈಟ್ ಸ್ವಲ್ಪ ತಡವಾಗಿ ಬಂತು, ಅಷ್ಟೆ. ಹೊಸ ಪ್ರೆಶರ್ ಸ್ವಿಚ್, ಪ್ಲಗ್, ಕಾರ್ಬುರೇಟರ್‌ಗೆ ದೊಡ್ಡ ಮೇನ್ ಜೆಟ್ ಎಲ್ಲ ದಂಡ.

ಅಸಲಿ ಕಾರಣ ಅದಿರಿನ ಕೆಂಪು ಧೂಳು. ಸೋರಿದ ಆಯಿಲ್ ಜೊತೆ ಸೇರಿ ಕೂಲರ್ ಮತ್ತು ಸಿಲಿಂಡರ್ ಫಿನ್‌ಗಳ ಸಂದಿಯಲ್ಲಿ ಗಾರೆಯಂತೆ ಗಟ್ಟಿಯಾಗುತ್ತದೆ. ಮೇಲೆ ತಗಡು ಮುಚ್ಚಿರುವುದರಿಂದ ಹೊರಗಿನಿಂದ ಕಾಣುವುದಿಲ್ಲ. ಕೂಲರ್ ದಾಟಿದ ಬಿಸಿಗಾಳಿಯೇ 3ನೇ ಸಿಲಿಂಡರ್‌ಗೆ ಹೋಗುವುದರಿಂದ ಮೊದಲು ಸಾಯುವುದು ಅದೇ.

ಎಂಜಿನ್ ಇಳಿಸಿಯೇ ಮಾಡಿ. ಶ್ರೌಡ್ ತೆಗೆದು, ಕೂಲರ್ ಬಿಚ್ಚಿ, ಅದರ ಆಯಿಲ್ ತೂತುಗಳನ್ನು ಮುಚ್ಚಿ ಡೀಸೆಲ್‌ನಲ್ಲಿ ರಾತ್ರಿಯಿಡೀ ನೆನೆಸಿ. ಆಮೇಲೆ ಗಾಳಿ ಹೊರಬೀಳುವ ಬದಿಯಿಂದ ಕಂಪ್ರೆಸರ್ ಗಾಳಿ ಹೊಡೆಯಿರಿ. ಎದುರಿನಿಂದ ಹೊಡೆದರೆ ಕಸ ಇನ್ನೂ ಒಳಗೆ ಕೂರುತ್ತದೆ. ಸಿಲಿಂಡರ್ ಫಿನ್‌ಗೆ ಹಳೇ ಹ್ಯಾಕ್ಸಾ ಬ್ಲೇಡ್ ಸಾಕು. ಕೂಲರ್‌ನ ಎರಡೂ ಸೀಲ್ ಹೊಸದು ಹಾಕಿ. ಪುಶ್‌ರಾಡ್ ಟ್ಯೂಬ್ ಸೋರುತ್ತಿದ್ದರೆ ಹೆಡ್ ಇಳಿಸಿ ಸೀಲ್ ಬದಲಿಸಲೇಬೇಕು, ಇಲ್ಲವಾದರೆ ಮತ್ತೆ ಅದೇ ಕಥೆ.

ಥರ್ಮೋಸ್ಟಾಟ್ ಅನ್ನು ಬಿಸಿನೀರಲ್ಲಿಡಿ: 65ರಿಂದ 70 ಡಿಗ್ರಿಯಲ್ಲಿ ಹಿಗ್ಗಿ ಅದರ ಒಟ್ಟು ಉದ್ದ ಕನಿಷ್ಠ 46 ಮಿಮೀ ಆಗಬೇಕು. ಥರ್ಮೋಸ್ಟಾಟ್ ತೆರೆದು ಮುಚ್ಚುವ ಶ್ರೌಡ್ ಒಳಗಿನ ಫ್ಲಾಪ್‌ಗಳನ್ನು ಕಿತ್ತೆಸೆಯಬೇಡಿ, ಕೂಲರ್ ಕಡೆಗೆ ಗಾಳಿ ತಿರುಗಿಸುವುದೂ ಅವೇ. ಎಂಜಿನ್ ಸುತ್ತಲಿನ ರಬ್ಬರ್ ಸೀಲ್ ಹರಿದಿದ್ದರೆ ಕೆಳಗಿನ ಬಿಸಿಗಾಳಿಯನ್ನೇ ಫ್ಯಾನ್ ಎಳೆಯುತ್ತದೆ.

ಕೊನೆಗೆ, ತಣ್ಣನೆ ಎಂಜಿನ್‌ನಲ್ಲಿ ವಾಲ್ವ್ ಸಂದು 0.15 ಮಿಮೀ, ಡಿಸ್ಟ್ರಿಬ್ಯೂಟರ್ ಪಾಯಿಂಟ್ ಸಂದು 0.4 ಮಿಮೀ ಇರಬೇಕು, ಹೆಬ್ಬೆರಳಲ್ಲಿ ಒತ್ತಿದರೆ ಬೆಲ್ಟ್ 15 ಮಿಮೀ ಬಾಗಬೇಕು. ಬಾಷ್ 009 ಡಿಸ್ಟ್ರಿಬ್ಯೂಟರ್ ಇದ್ದರೆ 3000 ಆರ್‌ಪಿಎಂ ಮೇಲೆ ಪೂರ್ಣ ಅಡ್ವಾನ್ಸ್ (ಪಿಸ್ಟನ್ ತುದಿ ಮುಟ್ಟುವ ಮೊದಲೇ ಕಿಡಿ ಬರುವ ಕೋನ) 30 ಡಿಗ್ರಿ.